ಡಿಎಲ್‌ಎಲ್ ಫೈಲ್ ಇಲ್ಲ ಅಂದರೆ ಹೀಗೆ ಮಾಡಿ

ವಿಜಯಪುರದ ನಮ್ಮ ಮನೆಯಲ್ಲಿ ಹಳೆಯ ವಿಂಡೋಸ್ 10 ಕಂಪ್ಯೂಟರ್ ಇದೆ. ಕೆಲಸದ ನಡುವೆ ಕರೆಂಟ್ ಹೋಯಿತು. ಆಮೇಲೆ ಏನು ತೆರೆದರೂ ‘ಡಿಎಲ್‌ಎಲ್ ಫೈಲ್ ಇಲ್ಲ’ ಎಂಬ ರಾಗ. ಡಿಎಲ್‌ಎಲ್ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್. ಆ ಫೈಲನ್ನು ಸುಮ್ನೆ ಯಾವುದೋ ಸೈಟಿನಿಂದ ಇಳಿಸಿಕೊಳ್ಳಬೇಡಿ, ವೈರಸ್ಸನ್ನು ಊಟಕ್ಕೆ ಕರೆದಂತೆ.

ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ (ಕಂಪ್ಯೂಟರ್‌ಗೆ ಆದೇಶ ಬರೆಯುವ ಕಿಟಕಿ) ಹುಡುಕಿ, ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಕಪ್ಪು ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್, ಅದಕ್ಕೆ ಅಂಟಿದಂತೆ ಸ್ಕ್ಯಾನ್‌ನೌ ಬರೆದು ಎಂಟರ್ ಒತ್ತಿ. ಇದು ವಿಂಡೋಸ್‌ನ ಹಾಳಾದ ಫೈಲ್‌ಗಳನ್ನು ಹುಡುಕಿ ಸರಿಪಡಿಸುವ ಆದೇಶ. ಸ್ಲ್ಯಾಶ್ ಅಂದರೆ ಪ್ರಶ್ನೆ ಚಿಹ್ನೆಯ ಕೀಲಿಯಲ್ಲಿರುವುದು. ಹಳೆಯ ಹಾರ್ಡ್ ಡಿಸ್ಕ್ ಅಲ್ವಾ, ನನ್ನದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಮುಚ್ಚಬೇಡಿ. ಯುಪಿಎಸ್ ಇದ್ದರೆ ಒಳ್ಳೆಯದು.

ಕೆಲವು ಫೈಲ್ ಸರಿಹೋಗಲಿಲ್ಲ ಎಂದರೆ ಅದೇ ಪರದೆಯಲ್ಲಿ ವಿಂಡೋಸ್ ದುರಸ್ತಿಯ ಇನ್ನೊಂದು ಸಾಧನವಾದ ಡಿಐಎಸ್‌ಎಂನ ರಿಸ್ಟೋರ್‌ಹೆಲ್ತ್ ಓಡಿಸಿ, ಅದಕ್ಕೆ ಇಂಟರ್ನೆಟ್ ಬೇಕು. ಬಳಿಕ ಮತ್ತೊಮ್ಮೆ ಎಸ್‌ಎಫ್‌ಸಿ. ವಿಂಡೋಸ್ 7ರಲ್ಲಿ ರಿಸ್ಟೋರ್‌ಹೆಲ್ತ್ ಇಲ್ಲ.