ಹಳೆ ಮಾರುತಿ 800ಕ್ಕೆ ಹೊಸ ಕೀ: ಸವೆದ ಕೀ ಬಿಡಿ, ಲಾಕ್ ನೋಡಿ

ಕಾರ್ಬುರೇಟರ್ ಕಾಲದ 800 ಇಟ್ಟುಕೊಂಡವರ ಕೀ ಒಂದಲ್ಲ ಒಂದು ದಿನ ಅಲುಗಾಡಿಸದೆ ತಿರುಗದ ಹಂತಕ್ಕೆ ಬಂದೇ ಬರುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ಒಂದೇ: ಅದೇ ಸವೆದ ಕೀ ಹಿಡಿದು ಅಂಗಡಿಗೆ ಹೋಗಿ ಡೂಪ್ಲಿಕೇಟ್ ಹೊಡೆಸುವುದು. ಯಂತ್ರಕ್ಕೆ ಮೂಲ ಹಲ್ಲು ಯಾವುದು, ಸವೆತ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಕೊರೆಯುತ್ತದೆ, ಮೇಲೆ ತನ್ನದೂ ಒಂದಿಷ್ಟು ವ್ಯತ್ಯಾಸ ಸೇರಿಸುತ್ತದೆ. ನಕಲಿನ ನಕಲಿಗೆ ಬರುವ ಹೊತ್ತಿಗೆ ಬಾಗಿಲು ತೆಗೆದರೆ ಇಗ್ನಿಷನ್ ತಿರುಗದು, ಇಗ್ನಿಷನ್ ತಿರುಗಿದರೆ ಡಿಕ್ಕಿ ತೆರೆಯದು.

ಹೊಸದರಲ್ಲಿ ಕೊಟ್ಟ ಸ್ಪೇರ್ ಕೀ ಬೀರುವಿನಲ್ಲಿ ಬಳಸದೆ ಬಿದ್ದಿದ್ದರೆ ಅದರಿಂದಲೇ ಹೊಡೆಸಿ, ಮುಂದೆ ಓದುವುದೇ ಬೇಡ. ಇಲ್ಲದವರು ಲಾಕ್ ಬಿಚ್ಚಬೇಕು.

ಬಿಚ್ಚಬೇಕಾದದ್ದು ಎಡ ಬಾಗಿಲಿನ ಲಾಕ್. ಡ್ರೈವರ್ ಬಾಗಿಲಿನದು ದಿನಾ ಬಳಸಿ ಸವೆದಿರುತ್ತದೆ. ಎಡಗಡೆಯದಕ್ಕೆ ಕೀ ಹಾಕುವವರೇ ಕಡಿಮೆ, ಹಾಗಾಗಿ ಒಳಗಿನ, ಕೀ ಹಲ್ಲಿಗೆ ತಕ್ಕಂತೆ ಸರಿಯುವ ಹಿತ್ತಾಳೆ ತಗಡುಗಳು ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಉಳಿದಿರುತ್ತವೆ. ಬಿಚ್ಚುವ ಮೊದಲು ಹಳೆ ಕೀ ಕಷ್ಟಪಟ್ಟಾದರೂ ಎಡ ಬಾಗಿಲು, ಬಲ ಬಾಗಿಲು, ಇಗ್ನಿಷನ್ ಮೂರನ್ನೂ ತಿರುಗಿಸುತ್ತದೆಯೇ ನೋಡಿ. ಹಿಂದಿನ ಮಾಲೀಕರು ಯಾವುದೋ ಒಂದು ಲಾಕ್ ಬದಲಿಸಿದ್ದರೆ ಎಡ ಬಾಗಿಲಿಗೆ ಪಟ್ಟ ಶ್ರಮ ವ್ಯರ್ಥ.

ಗಾಜು ಇಳಿಸುವ ಹ್ಯಾಂಡಲ್ ಹಿಂದೆ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಹ್ಯಾಂಡಲ್ ಮತ್ತು ಬಾಗಿಲ ಒಳಮೈಯ ಪ್ಯಾಡ್ ನಡುವೆ ಹಳೆ ಬಟ್ಟೆ ತೂರಿಸಿ ಎರಡೂ ತುದಿ ಹಿಡಿದು ಆಚೀಚೆ ಎಳೆದರೆ ಕ್ಲಿಪ್ ಹಾರಿ ಬರುತ್ತದೆ. ಹಾರಿದ್ದು ಎಲ್ಲಿ ಬಿತ್ತು ಅಂತ ಕಣ್ಣಿಡಿ. ಹ್ಯಾಂಡ್‌ರೆಸ್ಟ್ ಸ್ಕ್ರೂ ತೆಗೆದು ಪ್ಯಾಡ್ ಅನ್ನು ಅಂಚಿನಿಂದ ಮೀಟಿ, ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಮಾತ್ರ ಸರಿಸಿ. ಲಾಕ್ ಅನ್ನು ಬಾಗಿಲ ತಗಡಿಗೆ ಹಿಡಿದಿರುವುದು ಯು ಆಕಾರದ ಚಪ್ಪಟೆ ಕ್ಲಿಪ್. ಲಾಕಿಗೆ ಸಿಕ್ಕಿಸಿದ ಕಡ್ಡಿ ಬಿಡಿಸಿ, ಕ್ಲಿಪ್ ಜಾರಿಸಿದರೆ ಲಾಕ್ ಹೊರಗಿನಿಂದ ಕೈಗೆ ಬರುತ್ತದೆ.

ಇನ್ನು ಮುಂದಿನದು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ. ಹಳೆ ಕೀ ಒಳಗೆ ಹಾಕಿಟ್ಟುಕೊಂಡೇ ಹಿಂಬದಿಯ ಕ್ಲಿಪ್ ತೆಗೆದು ಬ್ಯಾರಲ್, ಅಂದರೆ ಕೀ ಜೊತೆ ತಿರುಗುವ ಒಳಗಿನ ಉರುಳೆ, ಎಳೆಯಿರಿ. ಕೀ ಇಲ್ಲದೆ ಎಳೆದರೆ ತಗಡುಗಳು, ಅವುಗಳ ಕೂದಲೆಳೆಯಂಥ ಸ್ಪ್ರಿಂಗುಗಳು ಚೆಲ್ಲಾಪಿಲ್ಲಿಯಾಗುತ್ತವೆ. ತಗಡುಗಳ ಕ್ರಮ ತಪ್ಪಿದರೆ ಆ ಲಾಕ್ ಮುಗಿದಂತೆ, ಆದ್ದರಿಂದ ಮೊದಲೇ ಒಂದು ಫೋಟೋ ತೆಗೆದಿಡಿ.

ಬ್ಯಾರಲ್ ಕೈಯಲ್ಲಿ ಹಿಡಿದು ನೋಡಿದರೆ ಕಾಯಿಲೆ ಕಣ್ಣಿಗೇ ಕಾಣುತ್ತದೆ. ಸರಿಯಾದ ಕೀ ಒಳಗಿದ್ದರೆ ಎಲ್ಲ ತಗಡುಗಳೂ ಬ್ಯಾರಲ್‌ನ ಮೈಗೆ ಸಮವಾಗಿ ಕೂರಬೇಕು. ಸವೆದ ಕೀಯಲ್ಲಿ ಎರಡು ಮೂರು ತಗಡು ಸ್ಪ್ರಿಂಗ್ ತಳ್ಳುವ ಕಡೆಗೆ ಇಣುಕುತ್ತಿರುತ್ತವೆ. ಅಂದರೆ ಆ ಜಾಗದಲ್ಲಿ ಕೀ ಬೇಕಾದ್ದಕ್ಕಿಂತ ತಗ್ಗು.

ಬ್ಲ್ಯಾಂಕ್, ಅಂದರೆ ಹಲ್ಲು ಕೊರೆಯದ ಕೀ, ಕೊಳ್ಳುವಾಗ ಕೀಯ ತಲೆ ನೋಡಬೇಡಿ, ತುದಿಯಿಂದ ನೋಡಿ ಪಕ್ಕದ ಉದ್ದ ತೋಡುಗಳನ್ನು ಹೋಲಿಸಿ. ನಿಕಲ್ ಲೇಪದ ಹಿತ್ತಾಳೆಯದೇ ಬೇಕು. ಉಕ್ಕಿನದು ಬಾಳಿಕೆ ಬರುತ್ತದೆ ನಿಜ, ಆದರೆ ತಾನು ಉಳಿದು ಲಾಕಿನ ತಗಡನ್ನು ತಿನ್ನುತ್ತದೆ. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಮೂರು ತನ್ನಿ, ಮೊದಲನೆಯದು ಹೆಚ್ಚಾಗಿ ಹಾಳಾಗುತ್ತದೆ.

ಪೂರ್ತಿ ಕೈಯಲ್ಲೇ ಉಜ್ಜಬಹುದು, ಆದರೆ ಅರ್ಧ ಕೆಲಸ ಯಂತ್ರಕ್ಕೆ ಬಿಡುವುದು ಜಾಣತನ. ಕೀ ಮಾಡುವವರಿಗೆ ಹೇಳಿ: ಹಳೆ ಕೀಯನ್ನು ತಡವುವ ಮೊಳೆಯ ಸ್ಕ್ರೂ ತಿರುಗಿಸಿ, ಅದನ್ನು ಸುಮಾರು 0.3 ಮಿ.ಮೀ. ಮುಂದೆ ತಂದು, ಹಲ್ಲು ಅಷ್ಟು ಎತ್ತರ ಉಳಿಯುವಂತೆ ಕೊರೆಯಲಿ. ಎರಡೂ ಕೀಗಳ ಭುಜ, ಅಂದರೆ ಲಾಕ್ ಬಾಯಿಗೆ ತಾಗಿ ನಿಲ್ಲುವ ಮೆಟ್ಟಿಲು, ಯಂತ್ರದಲ್ಲಿ ಒಂದೇ ಗೆರೆಗೆ ಕೂತಿರಬೇಕು. ಅದು ಒಂದು ಕೂದಲು ಜರುಗಿದರೂ ಎಲ್ಲ ಹಲ್ಲುಗಳೂ ಒಟ್ಟಿಗೆ ಜರುಗುತ್ತವೆ, ಆಮೇಲೆ ಯಾವ ಅರದಿಂದಲೂ ಸರಿಯಾಗದು.

ಹೀಗೆ ಕೊರೆಸಿದ ಕೀಯನ್ನು ಬ್ಯಾರಲ್‌ಗೆ ಹಾಕಿದಾಗ ತಗಡುಗಳು ಸ್ಪ್ರಿಂಗ್ ತಳ್ಳುವುದಕ್ಕೆ ಎದುರಿನ ಬದಿಗೆ ಇಣುಕುತ್ತವೆ. ಇಣುಕಿದ ತಗಡಿನ ನೇರಕ್ಕೆ ಪರ್ಮನೆಂಟ್ ಮಾರ್ಕರಿನಿಂದ ಕೀ ಮೇಲೆ ಗುರುತು ಹಾಕಿ, ಚಿಕ್ಕ ಸೂಜಿ ಅರದಿಂದ ಎರಡೇ ಎರಡು ಎಳೆತ, ಮತ್ತೆ ಹಾಕಿ ನೋಡುವುದು. ಕಣ್ಣಿಗಿಂತ ಹೆಬ್ಬೆರಳು ಚೆನ್ನಾಗಿ ಹೇಳುತ್ತದೆ: ಬ್ಯಾರಲ್ ಮೇಲೆ ಸವರಿದಾಗ ಏನೂ ತಡೆಯಬಾರದು. ಅವಸರದಲ್ಲಿ ಹೆಚ್ಚು ಉಜ್ಜಿದರೆ ಅದೇ ತಗಡು ಸ್ಪ್ರಿಂಗ್ ತಳ್ಳುವ ಬದಿಗೆ ಬರುತ್ತದೆ, ಆ ಬ್ಲ್ಯಾಂಕ್ ಅಲ್ಲಿಗೆ ಹೋಯಿತು. ತಗ್ಗಿನ ತಳ ಚಪ್ಪಟೆಯಾಗಿರಲಿ, ಇಕ್ಕೆಲ ಇಳಿಜಾರಾಗಿರಲಿ. ನೇರ ಗೋಡೆಯಂತೆ ಕಡಿದರೆ ಕೀ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೀಯ ಎರಡೂ ಅಂಚಿಗೆ ಹಲ್ಲಿದ್ದರೆ ತಿರುವಿ ಹಾಕಿಯೂ ಪರೀಕ್ಷಿಸಿ. ಕೊನೆಗೆ ಹಿತ್ತಾಳೆ ಬ್ರಶ್ಶಿನಿಂದ ತಿಕ್ಕಿ ಚೂರುಗಳನ್ನು ತೆಗೆಯಿರಿ, ಇಲ್ಲದಿದ್ದರೆ ಅವು ಲಾಕ್ ಒಳಗೆ ಸೇರಿ ಕಾಟ ಕೊಡುತ್ತವೆ.

ಕಾರಿನಲ್ಲಿ ಪರೀಕ್ಷೆ ಮಾಡುವಾಗ ಬಾಗಿಲು ತೆರೆದೇ ಇರಲಿ. ಇಗ್ನಿಷನ್‌ನಲ್ಲಿ ತಿರುಗದಿದ್ದರೆ ಬಲ ಹಾಕಬೇಡಿ. ಸ್ಟೀರಿಂಗ್ ಲಾಕಿನ ಕಡ್ಡಿ ಬಿಗಿಯಾಗಿ ಹಿಡಿದಿರಬಹುದು, ಸ್ಟೀರಿಂಗ್ ಅನ್ನು ಆಚೀಚೆ ಸ್ವಲ್ಪ ಆಡಿಸುತ್ತಾ ತಿರುಗಿಸಿ. ಕೀ ಲಾಕ್ ಸ್ಥಾನದಲ್ಲಿ ಮಾತ್ರ ಹೊರಬರಬೇಕು. ಗಾಡಿ ಓಡುವಾಗಲೂ ಎಳೆದರೆ ಕೈಗೆ ಬರುತ್ತದೆ ಅಂದರೆ ಇಗ್ನಿಷನ್ ತಗಡುಗಳೇ ಸವೆದಿವೆ. ಹೊಸ ಕೀಯಿಂದ ಅರ್ಧ ಗುಣ ಮಾತ್ರ. ಅದಕ್ಕೆ ಪೂರ್ತಿ ಲಾಕ್ ಸೆಟ್ ಹಾಕುವುದೇ ದಾರಿ. ಸ್ಟೀರಿಂಗ್ ಕಂಬಕ್ಕೆ ಇಗ್ನಿಷನ್ ಲಾಕನ್ನು ಬಿಗಿದ ಬೋಲ್ಟುಗಳ ತಲೆ ಬೇಕೆಂದೇ ಮುರಿದಿರುತ್ತದೆ, ಚಾಣ ಹಿಡಿದು ಬಡಿದು ತಿರುಗಿಸಬೇಕು. ಗ್ಯಾರೇಜಿಗೆ ಬಿಡಿ.

ಲಾಕ್‌ಗೆ ಕೊಬ್ಬರಿ ಎಣ್ಣೆ ಬಿಡುವ ಚಾಳಿ ನಮ್ಮಲ್ಲಿದೆ. ಎರಡು ದಿನ ನುಣ್ಣಗೆ ತಿರುಗುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. 6ಬಿ ಅನ್ನುವ ಮೆತ್ತನೆ ಪೆನ್ಸಿಲ್ಲನ್ನು ಕೀಗೆ ಉಜ್ಜಿ ಹತ್ತು ಸಲ ಹಾಕಿ ತೆಗೆದರೆ ಸಾಕು.

ಈ ವಿಧಾನ ಕೀಯೊಳಗೆ ಎಲೆಕ್ಟ್ರಾನಿಕ್ ಚಿಪ್ ಇಲ್ಲದ ಗಾಡಿಗೆ ಮಾತ್ರ. ಮುಂದೆ ಬಂದ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಕೀ ಚಿತ್ರದ ದೀಪ ಇದ್ದರೆ, ಹೀಗೆ ಮಾಡಿದ ಕೀ ಬಾಗಿಲು ತೆಗೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ.

ಒಳ್ಳೆಯ ಕೀ ಕೈಗೆ ಬಂದ ದಿನವೇ ಅದರಿಂದ ಇನ್ನೊಂದು ಹೊಡೆಸಿ. ದಿನಬಳಕೆಗೆ ನಕಲು, ಬೀರುವಿಗೆ ಅಸಲು. ಹಳೆಯ ಸವೆದದ್ದನ್ನೂ ಎಸೆಯಬೇಡಿ: ಗಾಡಿ ಕಳವಾದರೆ ವಿಮೆಯವರು ಕೀಗಳ ಲೆಕ್ಕ ಕೇಳುತ್ತಾರೆ.