ಐದು ರೂಪಾಯಿಗೆ ಎರಡು ತೆರಿಗೆ

2005ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ವ್ಯಾಟ್ ಎಂಬ ಮೌಲ್ಯವರ್ಧಿತ ತೆರಿಗೆ ಬಂದಾಗ ನನಗೂ ಒಂದು ಕೆಲಸ ಬಂತು. ಸಾಬೂನು, ಚಹಾಪುಡಿಯ ಸಗಟು ವ್ಯಾಪಾರಿಯೊಬ್ಬರಿಗೆ ಬಿಲ್ಲಿನ ತಂತ್ರಾಂಶ ಬೇಕಿತ್ತು: ಕಚೇರಿಯ ಕಂಪ್ಯೂಟರಿಗೊಂದು, ಸರ್ವರ್‌ಗೊಂದು, ಅಂಗಡಿ ಅಂಗಡಿ ಸುತ್ತಿ ಆರ್ಡರ್ ತರುವ ಹುಡುಗರ ಕೈಗೊಂದು.

ಆಗ ತಂತ್ರಾಂಶ ಬರೆಯುವ ನಮ್ಮಲ್ಲಿ, ಬಳಸುವ ಪ್ರೋಗ್ರಾಮಿಂಗ್ ವ್ಯವಸ್ಥೆಯ ಮೇಲೆ, ಜಾವಾದವರು, ಡಾಟ್‌ನೆಟ್‌ನವರು ಎಂದು ಎರಡು ಪಂಗಡಗಳಿದ್ದವು. ನಾನು ಡಾಟ್‌ನೆಟ್‌ನವನು. ಅದರ ವಿಷುವಲ್ ಸ್ಟುಡಿಯೊ ಎಂಬ ಸಾಧನದಲ್ಲಿ ತೆರೆಯ ಮೇಲೆ ಗುಂಡಿಗಳನ್ನು ಎಳೆದು ಕೂರಿಸಿ ಎರಡೇ ವಾರದಲ್ಲಿ ಕಚೇರಿಯ ಭಾಗ ಮುಗಿಸಿದೆ. ಜಾವಾದಲ್ಲಿ ತೆರೆ ರೂಪಿಸುವ ಸ್ವಿಂಗ್‌ನಲ್ಲಾಗಿದ್ದರೆ ತಿಂಗಳು ಹಿಡಿಯುತ್ತಿತ್ತು ಎಂದು ಇಂದಿಗೂ ವಾದಿಸುತ್ತೇನೆ. ಡಾಟ್‌ನೆಟ್‌ನ ಕಿರು ರೂಪವಾದ ಕಾಂಪ್ಯಾಕ್ಟ್ ಫ್ರೇಮ್‌ವರ್ಕ್ ಇದ್ದುದರಿಂದ ಅದೇ ಸಿ ಶಾರ್ಪ್ ಭಾಷೆ ಹುಡುಗರ ಕೈಯ ಪಾಕೆಟ್ ಪಿಸಿ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಓಡಿತು. ಸರ್ವರ್ ಭಾಗವನ್ನು ಮಾತ್ರ ಗೆಳೆಯನೊಬ್ಬ ಟಾಮ್‌ಕ್ಯಾಟ್ ಎಂಬ ಉಚಿತ ಸರ್ವರ್ ತಂತ್ರಾಂಶದ ಮೇಲೆ ಜಾವಾದಲ್ಲಿ ಬರೆದ. ಲೈಸೆನ್ಸಿನ ಖರ್ಚಿಲ್ಲ ಎಂಬುದೊಂದೇ ಕಾರಣ.

ದಸರಾ ರಜೆ ಮುಗಿಸಿ ಬಂದ ಹುಡುಗ ಡ್ರಾಯರ್‌ನಿಂದ ಪಾಕೆಟ್ ಪಿಸಿ ತೆಗೆದರೆ ಅದರಲ್ಲಿ ಆರ್ಡರೂ ಇಲ್ಲ, ನನ್ನ ಪ್ರೋಗ್ರಾಮೂ ಇಲ್ಲ. ಆ ಪೀಳಿಗೆಯ ಸಾಧನಗಳು ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಡುತ್ತಿದ್ದವು. ಬ್ಯಾಟರಿ ಪೂರ್ತಿ ಇಳಿದರೆ ಒಳಗಿದ್ದದ್ದೂ ಹೋಯಿತು. ಮೆಮೊರಿ ಕಾರ್ಡಿಗೆ ಬರೆದಿಡದೆ ಹೋದದ್ದು ನನ್ನದೇ ತಪ್ಪು. ಯಜಮಾನರು ರೇಗಲಿಲ್ಲ. "ಹುಡುಗರ ಜೇಬಿನಲ್ಲಿ ಹೇಗೂ ಫೋನ್ ಇದೆಯಲ್ಲ, ಅದರಲ್ಲೇ ಮಾಡಿ" ಎಂದರು.

ಆ ಫೋನುಗಳಲ್ಲಿ ಓಡುತ್ತಿದ್ದದ್ದು ಜೆ2ಎಂಇ, ಅಂದರೆ ಸಣ್ಣ ಸಾಧನಗಳ ಜಾವಾ. ಪಂಗಡ ಬದಲಿಸಿದೆ. ಅವುಗಳಲ್ಲಿ ಅಗ್ಗದವು 64 ಕೆಬಿ ಮೀರಿದ ಜಾರ್ ಕಡತವನ್ನು, ಅಂದರೆ ಪ್ರೋಗ್ರಾಮಿನ ಕಟ್ಟನ್ನು, ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಪ್ರೋಗ್ರಾಮಿನ ಭಾಗಗಳಾದ ಕ್ಲಾಸುಗಳ ಹೆಸರನ್ನೆಲ್ಲ ಪ್ರೊಗಾರ್ಡ್ ಎಂಬ ಕುಗ್ಗಿಸುವ ಸಾಧನದಿಂದ ಒಂದೊಂದು ಅಕ್ಷರಕ್ಕೆ ಇಳಿಸಿ ಹೇಗೋ ತೂರಿಸಿದೆ. ಆ ಫೋನುಗಳ ಜಾವಾಕ್ಕೆ ತಳಹದಿಯಾದ ಸಿಎಲ್‌ಡಿಸಿ 1.0ರಲ್ಲಿ ದಶಮಾಂಶ ಸಂಖ್ಯೆಗಳೇ ಇರಲಿಲ್ಲ. ಹಾಗಾಗಿ ಐದು ರೂಪಾಯಿಯನ್ನು 500 ಪೈಸೆ ಎಂದೇ ಬರೆಯಬೇಕಾಯಿತು. ಇದೆಂಥ ದರಿದ್ರ ವ್ಯವಸ್ಥೆ ಎಂದು ಬೈದುಕೊಂಡೆ.

ತಿಂಗಳ ಕೊನೆಗೆ ಸರ್ವರ್‌ನ ಮೊತ್ತಕ್ಕೂ ಕಚೇರಿಯ ಬಿಲ್ಲುಗಳ ಮೊತ್ತಕ್ಕೂ ತಾಳೆಯಾಗಲಿಲ್ಲ. ಎರಡು ರಾತ್ರಿ ಹುಡುಕಿದೆ. ಐದು ರೂಪಾಯಿಗೆ ಶೇ 12.5ರ ತೆರಿಗೆ ಎಂದರೆ ಅರವತ್ತೆರಡೂವರೆ ಪೈಸೆ. ಸರ್ವರ್‌ನಲ್ಲಿದ್ದ ಜಾವಾದ ರೌಂಡ್, ಅಂದರೆ ಹತ್ತಿರದ ಪೂರ್ಣಾಂಕ ಕೊಡುವ ಆದೇಶ, ಅದನ್ನು 63 ಮಾಡುತ್ತಿತ್ತು. ಕಚೇರಿಯ ಡಾಟ್‌ನೆಟ್‌ನ ರೌಂಡ್, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದರಿಂದ, 62 ಮಾಡುತ್ತಿತ್ತು. ಎರಡರಲ್ಲೂ ದೋಷವಿಲ್ಲ, ರೂಢಿ ಬೇರೆ, ಅಷ್ಟೆ. ಮೂರನೆಯದಾದ ಫೋನಿನಲ್ಲಿ ಮಾತ್ರ ಪೂರ್ಣಾಂಕಗಳ ಗುಣಾಕಾರ ಭಾಗಾಕಾರದಿಂದ ನಾನೇ ಬರೆದ ಸೂತ್ರವಿತ್ತು. 500ನ್ನು 125ರಿಂದ ಗುಣಿಸಿ, 500 ಕೂಡಿಸಿ, 1000ದಿಂದ ಭಾಗಿಸಿ ಶೇಷವನ್ನು ಬಿಟ್ಟರೆ 63. ಆ ಒಂದು ಸಾಲನ್ನು ಸರ್ವರ್‌ಗೂ ಕಚೇರಿಯ ಕಂಪ್ಯೂಟರಿಗೂ ನಕಲು ಮಾಡಿದೆ.

ಮರುತಿಂಗಳು ಲೆಕ್ಕ ಪೈಸೆಗೆ ಪೈಸೆ ಕೂಡಿತು. ಲೆಕ್ಕಿಗರು ಕನ್ನಡಕ ತೆಗೆದು, "ಸರಿ, ಹೋದ ತಿಂಗಳ ಪೈಸೆಗಳನ್ನು ಯಾರ ಹೆಸರಿಗೆ ಬರೆಯಲಿ?" ಎಂದು ಕೇಳಿದರು.