‘ಇರ್ಲಿ ಬಿಡು, ಬೇಕಾಗುತ್ತೆ’

ಎರಡು ವರ್ಷದ ಹಿಂದೆ ಮೈಸೂರಿನಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋದೆವು. ಸಾಮಾನು ಸಾಗಿಸಲು ಬಂದ ಹುಡುಗ ಅಟ್ಟ ಹತ್ತಿ ಒಂದೊಂದೇ ಡಬ್ಬ ಇಳಿಸುತ್ತಿದ್ದ. ಹತ್ತು ಹನ್ನೆರಡು ಇಳಿಸಿದ ಮೇಲೆ, ‘ಅಕ್ಕಾ, ಅಂಗಡಿ ಇತ್ತಾ ನಿಮ್ದು?’ ಅಂತ ಕೇಳಿದ. ತಮಾಷೆಗಲ್ಲ. ಪಾಪ, ವ್ಯಾಪಾರ ಮುಚ್ಚಿದವರು ಅಂದುಕೊಂಡಿದ್ದ.

ಅದರಲ್ಲಿ ಅರ್ಧಕ್ಕರ್ಧ ಟೇಪ್ ಕೂಡ ಬಿಚ್ಚದ ಡಬ್ಬಗಳು. ಚಪಾತಿ ಮೇಕರ್. ತರಕಾರಿ ಹೆಚ್ಚುವ, ದಾರ ಎಳೆಯುವ ಡಬ್ಬಿ, ಎರಡು. ಮೊಟ್ಟೆ ತಿನ್ನದ ನಮ್ಮ ಮನೆಯಲ್ಲಿ ಒಂದು ಎಗ್ ಬಾಯ್ಲರ್! ಅದರಲ್ಲಿ ಕಡುಬೂ ಬೇಯುತ್ತೆ ಅಂತ ಯಾರೋ ರಿವ್ಯೂ ಬರೆದಿದ್ದರು. ಕಡುಬು ಬೇಯಿಸೋಕೆ ಇಡ್ಲಿ ಪಾತ್ರೆ ಒಲೆ ಪಕ್ಕದಲ್ಲೇ ಇತ್ತು. ಆದರೂ ‘ಇರ್ಲಿ ಬಿಡು, ಯಾವಾಗಾದ್ರೂ ಬೇಕಾಗುತ್ತೆ’ ಅಂತ ತರಿಸಿದ್ದೆ.

ಹೊಸ ಮನೆಯಲ್ಲಿ ಅಟ್ಟ ಚಿಕ್ಕದು. ಡಬ್ಬಗಳು ಎರಡು ವಾರ ಹಾಲ್‌ನಲ್ಲೇ ಕೂತವು. ಅವುಗಳ ಮುಖ ನೋಡಿ ನೋಡಿ ಒಂದು ಭಾನುವಾರ ಲೆಕ್ಕಕ್ಕೆ ಕೂತೆ. ಆ್ಯಪ್‌ಗಳಲ್ಲಿ ಹಳೆಯ ಆರ್ಡರ್‌ಗಳೆಲ್ಲ ಇರುತ್ತವಲ್ಲ, ಒಂದು ವರ್ಷದ್ದನ್ನು ಪುಸ್ತಕಕ್ಕೆ ಇಳಿಸಿದೆ. ದಿನಸಿ, ಔಷಧಿ, ಮಕ್ಕಳ ಶಾಲೆಯದ್ದು ಬಿಟ್ಟು 163 ಆರ್ಡರ್. ಒಟ್ಟು 1 ಲಕ್ಷದ 12 ಸಾವಿರ ರೂಪಾಯಿ. ಒಂದೊಂದೂ ಸರಾಸರಿ 700ರೊಳಗಿನ ಸಾಮಾನು. ಯಾವುದೂ ‘ದೊಡ್ಡ ಖರ್ಚು’ ಅನ್ನಿಸಿರಲೇ ಇಲ್ಲ.

ಬೆಲೆಯ ಪಕ್ಕ ಆರ್ಡರ್ ಮಾಡಿದ ಹೊತ್ತನ್ನೂ ಬರೆದುಕೊಂಡೆ. ಮೆಸೇಜ್‌ಗಳಲ್ಲಿ ಇತ್ತು, ಸುಮ್ನೆ ಬರೆದೆ ಅಷ್ಟೆ. ಅದೇ ಕಣ್ಣು ತೆರೆಸಿತು. ಮುಕ್ಕಾಲು ಪಾಲು ಆರ್ಡರ್ ರಾತ್ರಿ ಹತ್ತರ ನಂತರದ್ದು. ಮಕ್ಕಳು ಮಲಗಿ, ಪಾತ್ರೆ ತೊಳೆದು, ನಾಳೆಯ ಪಲ್ಯಕ್ಕೆ ಹೆಚ್ಚಿಟ್ಟು, ಕಾಲು ಚಾಚಿದ ಹೊತ್ತು. ಇಡೀ ದಿನದಲ್ಲಿ ನನ್ನದು ಅನ್ನುವ ಅರ್ಧ ಗಂಟೆ ಅದೊಂದೇ. ಅದಕ್ಕೆ ದಿನಕ್ಕೆ 200 ರೂಪಾಯಿಗೂ ಹೆಚ್ಚು ಬಾಡಿಗೆ ಕಟ್ಟುತ್ತಿದ್ದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಆ್ಯಪ್ ಅಳಿಸಿದೆ. ನಾಲ್ಕನೇ ದಿನ ಮಗಳ ಪ್ರಾಜೆಕ್ಟ್‌ಗೆ ಚಾರ್ಟ್ ಬೇಕು ಅಂತ ಮತ್ತೆ ಹಾಕಿಕೊಂಡೆ. ಚಾರ್ಟ್ ಜೊತೆ ಒಂದು ಗೋಡೆ ಗಡಿಯಾರವೂ ಬಂತು. ‘ಇನ್ನು ಮೂರು ತಿಂಗಳು ಏನೂ ಕೊಳ್ಳಲ್ಲ’ ಅಂತ ಶಪಥವನ್ನೂ ಮಾಡಿದೆ. ಆಷಾಢದವರೆಗೆ ನಡೆಯಿತು. ಆಷಾಢದಲ್ಲಿ ನಮ್ಮಲ್ಲಿ ಮದುವೆ ಮುಂಜಿ ಇಲ್ಲ, ಬಟ್ಟೆ ಅಂಗಡಿಗಳಲ್ಲಿ ಗಿರಾಕಿ ಕಡಿಮೆ. ಹಾಗಾಗಿ ರಿಯಾಯಿತಿ ಬೋರ್ಡು. ನಾದಿನಿ ಕರೆದಳು ಅಂತ ಸುಮ್ನೆ ಜೊತೆಗೆ ಹೋದವಳು ಮೂರು ಸೀರೆ ಹಿಡಿದು ಬಂದೆ. ‘ಮುಂದಿನ ತಿಂಗಳು ವರಮಹಾಲಕ್ಷ್ಮಿ ಹಬ್ಬ ಇದೆಯಲ್ಲ’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಬ್ಬಕ್ಕೆ ಉಟ್ಟಿದ್ದು ಅಮ್ಮ ಕೊಟ್ಟ ಹಳೆ ರೇಷ್ಮೆ ಸೀರೆ.

ಬೇಡ ಬೇಡ ಅಂದಷ್ಟೂ ಬೇಕು ಅನ್ನಿಸುತ್ತಿತ್ತು. ಆಗ ನೆನಪಾಗಿದ್ದು ಅಪ್ಪನ ದಿನಸಿ ಚೀಟಿ.

ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಸಂಬಳ ಬಂದ ಸಂಜೆ ಅಮ್ಮ ಒಲೆ ಮುಂದೆ ಕೂತು ಹೇಳುತ್ತಾ ಹೋಗುತ್ತಿದ್ದಳು, ಅಪ್ಪ ಹಳೆ ನೋಟ್‌ಬುಕ್ ಹಾಳೆಯಲ್ಲಿ ಬರೆಯುತ್ತಿದ್ದರು. ತೊಗರಿಬೇಳೆ 3 ಕೆ.ಜಿ., ಬಟ್ಟೆ ಸೋಪು 4, ಸಾಸಿವೆ ಕಾಲು ಕೆ.ಜಿ. ಆ ಚೀಟಿ ಶೆಟ್ಟರ ಅಂಗಡಿಗೆ ಹೋಗುತ್ತಿತ್ತು. ಚೀಟಿ ಹೋದ ಮೇಲೆ ನಾವು ಏನು ಕೇಳಿದರೂ ಒಂದೇ ಉತ್ತರ: ‘ಮುಂದಿನ ತಿಂಗಳ ಚೀಟೀಲಿ ಬರೆಯೋಣ.’ ಇಲ್ಲ ಅಂತ ಅಪ್ಪ ಯಾವತ್ತೂ ಅಂದಿಲ್ಲ. ಮುಂದಿನ ತಿಂಗಳು ಚೀಟಿ ಬರೆಯುವ ಹೊತ್ತಿಗೆ ಕೇಳಿದ್ದೇನು ಅಂತ ನಮಗೇ ಮರೆತು ಹೋಗಿರುತ್ತಿತ್ತು.

ಅದನ್ನೇ ಶುರು ಮಾಡಿದೆ. ಫ್ರಿಜ್ ಮೇಲೆ ಒಂದು ಹಾಳೆ. ಊಟ, ಔಷಧಿ, ಶಾಲೆ ಬಿಟ್ಟು ಏನೇ ಬೇಕೆನಿಸಿದರೂ ಅದರಲ್ಲಿ ಬರೆಯುವುದು. ಕೊಳ್ಳುವುದು ತಿಂಗಳಿಗೊಂದೇ ದಿನ, 5ನೇ ತಾರೀಖು. ಬರೆಯುವಾಗ ನಾಲ್ಕು ವಿಷಯ: ಸಾಮಾನು, ಬೆಲೆ, ಈಗ ಆ ಕೆಲಸ ಯಾವುದರಲ್ಲಿ ಆಗುತ್ತಿದೆ, ತಂದರೆ ಎಲ್ಲಿಡುತ್ತೇನೆ. ಜಾಸ್ತಿ ಕೆಲಸ ಮಾಡಿದ್ದು ಆ ‘ಎಲ್ಲಿಡುತ್ತೇನೆ’. ‘ಅಡುಗೆಮನೆ’ ಅಂತ ಬರೆದರೆ ಸಾಲದು. ಎದ್ದು ಹೋಗಿ, ಕಪಾಟು ತೆಗೆದು, ಯಾವ ಮೂಲೆ ಅಂತ ನೋಡಿ ಬರಬೇಕು. ರಾತ್ರಿ ಹತ್ತೂವರೆಗೆ ಯಾರು ಏಳುತ್ತಾರೆ ಹೇಳಿ! ಎದ್ದು ಹೋದ ದಿನವೂ ಅಲ್ಲಿ ಅಂಥದ್ದೇ ಇನ್ನೊಂದು ಕೂತಿರುತ್ತಿತ್ತು.

ಚೀಟಿ ಒಂದರಿಂದಲೇ ಎಲ್ಲ ಆಯಿತು ಅಂದರೆ ಸುಳ್ಳು. ದುಡ್ಡಿನ ದಾರಿಗೂ ಒಂದೆರಡು ಉಬ್ಬು ಹಾಕಬೇಕಾಯಿತು. ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಾವೇ ಆನ್, ಆಫ್ ಮಾಡುವ ಸೌಲಭ್ಯ ಕೊಡಬೇಕು ಅಂತ 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬ್ಯಾಂಕಿನ ಆ್ಯಪ್‌ನಲ್ಲಿ ಹುಡುಕಿ ಆಫ್ ಮಾಡಿಟ್ಟೆ. ಸಂಬಳದ ಖಾತೆಯನ್ನು ಯುಪಿಐಯಿಂದ ತೆಗೆದು, ಹಳೆಯ ಇನ್ನೊಂದು ಖಾತೆ ಸೇರಿಸಿ, ತಿಂಗಳಿಗೆ 6,000 ಮಾತ್ರ ಅದಕ್ಕೆ ಹಾಕತೊಡಗಿದೆ. ತರಕಾರಿ, ಹಾಲು, ಆಟೋ ಎಲ್ಲ ಅದರಲ್ಲೇ. 20ನೇ ತಾರೀಖಿನ ಹೊತ್ತಿಗೆ ಖಾತೆ ಖಾಲಿ ಹೊಡೆಯುವಾಗ ಬೆಡ್‌ಶೀಟ್ ನೋಡುವ ಮನಸ್ಸು ತಾನಾಗೇ ಬರುವುದಿಲ್ಲ.

ಅಂಗಡಿಯವರ ಆಟಗಳೂ ಒಂದೊಂದೇ ಅರ್ಥವಾಗತೊಡಗಿದವು. 499 ರೂಪಾಯಿಗೆ ಡೆಲಿವರಿ ಫ್ರೀ ಅಂತ, 40 ರೂಪಾಯಿ ಉಳಿಸಲು 130ರ ಕಾಲೊರಸು ಹಾಕಿಕೊಂಡಿದ್ದೇನೆ. ‘ಎರಡೇ ಉಳಿದಿವೆ’, ಓಡುವ ಗಡಿಯಾರ, ನಾವು ಕೇಳದೇ ಬುಟ್ಟಿಗೆ ಬಂದು ಕೂರುವ ಹೆಚ್ಚುವರಿ ಸಾಮಾನು. ಇಂಥ ಸುಳ್ಳು ಅವಸರ, ಕಳ್ಳ ಸೇರ್ಪಡೆಗಳನ್ನು ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಸಿ, ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಅಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಪಟ್ಟಿ ಓದುತ್ತಾ ಹೋದರೆ ನಾನು ಬಿದ್ದ ಗುಂಡಿಗಳ ಗುರುತೆಲ್ಲ ಸಿಕ್ಕಿತು.

ನನಗೆ ಸಿಟ್ಟು ಬಂದಿದ್ದು ಮಾತ್ರ ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು ಅನ್ನುವುದರ ಮೇಲೆ. ಒಂದು ಏರ್ ಫ್ರೈಯರ್ ಹಾಗೆ ತೆಗೆದುಕೊಂಡಿದ್ದೆ. ಬಿಲ್ ಬಂದಾಗ ನೋಡಿದರೆ ಬಡ್ಡಿ ಅಂತ ಒಂದು ಸಾಲು, ಬಡ್ಡಿಯ ಮೇಲೆ 18% ಜಿಎಸ್‌ಟಿ ಅಂತ ಇನ್ನೊಂದು, ಪ್ರೊಸೆಸಿಂಗ್ ಫೀ ಬೇರೆ. ಬಡ್ಡಿ ಬ್ಯಾಂಕು ಹಾಕುತ್ತದೆ, ಅಷ್ಟನ್ನು ಮಾರುವವರು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ. ಉಳಿದ ತೆರಿಗೆ, ಫೀ ನಮ್ಮ ತಲೆಗೆ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ದರು ಹಿರಿಯರು. ಈಗ ಹಾಸಿಗೆಯನ್ನೇ ಕಂತಿನಲ್ಲಿ ಉದ್ದ ಮಾಡಿ ಕೊಡುತ್ತಾರೆ.

ಆರು ತಿಂಗಳ ಚೀಟಿಗಳನ್ನು ಎತ್ತಿಟ್ಟಿದ್ದೇನೆ. ಬರೆದದ್ದು 52, ಕೊಂಡದ್ದು 9. ಒಂದು ಒಳ್ಳೆಯ ಚಾಕು, ಟಾರ್ಚು, ಅತ್ತೆಗೆ ಮಂಡಿನೋವಿಗೆ ಬಿಸಿನೀರಿನ ಚೀಲ, ಹೀಗೆ. ಹೊಡೆದು ಹಾಕಿದವನ್ನು ಈಗ ಓದಿದರೆ ನಗು ಬರುತ್ತೆ. ‘ದಾಳಿಂಬೆ ಬಿಡಿಸುವ ಸಾಧನ’ ಅಂತ ಒಂದಿದೆ. ಕೈಬರಹ ನನ್ನದೇ.

ಕೊಳ್ಳದೇ ಬೇಜಾರಾಗಿದ್ದೂ ಒಂದಿದೆ. ಕೈಮಗ್ಗದ ಒಂದು ಇಳಕಲ್ ಸೀರೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದ್ದು, ಸಿಂಗಲ್ ಪೀಸ್. 5ನೇ ತಾರೀಖಿಗೆ ಕಾದೆ, ಹೋಗಿಬಿಟ್ಟಿತ್ತು. ಆ ದಾಳಿಂಬೆ ಬಣ್ಣದ ಸೆರಗು ಇವತ್ತಿಗೂ ಕಣ್ಣ ಮುಂದಿದೆ. ‘ತಗೋಬೇಕಿತ್ತು ಕಣೇ’ ಅಂದರು ಅತ್ತೆ. ಇಡೀ ವರ್ಷ ನನ್ನ ಡಬ್ಬಗಳನ್ನು ನೋಡಿ ಗೊಣಗಿದವರು ಅವರೇ!

ರಾತ್ರಿಯ ಅರ್ಧ ಗಂಟೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಫೋನು ಹಾಲ್‌ನಲ್ಲಿ ಚಾರ್ಜಿಗಿಟ್ಟು, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕೆಲವು ದಿನ ಎದುರುಮನೆಯವರೂ ಬರುತ್ತಾರೆ, ಮಾತಿಗೆ ಸಿಗುತ್ತಾರೆ. ಕೆಲವು ದಿನ ಬರೀ ಸೊಳ್ಳೆ. ಆಗ ಎದ್ದು ಒಳಗೆ ಬಂದು ಫೋನ್ ಹಿಡಿಯುವುದೂ ಉಂಟು.

ಈ ತಿಂಗಳ ಚೀಟಿಯಲ್ಲಿ ಈಗ ಎರಡೇ ಇವೆ. ಒಗ್ಗರಣೆ ಸೌಟು, ಇರುವುದರ ಹಿಡಿ ಮುರಿದಿದೆ. ಇನ್ನೊಂದು, ಹಿತ್ತಾಳೆಯ ಕಾಫಿ ಫಿಲ್ಟರ್. ಸ್ಟೀಲಿನದು ಮನೆಯಲ್ಲಿ ಎರಡಿವೆ. ಗೊತ್ತು. 5ನೇ ತಾರೀಖಿಗೆ ಇನ್ನೂ ಎಂಟು ದಿನ ಇದೆ.